ಭಾಗವಾಗದ ಮಾತು

ಗುರುವಾರ ಸಂಜೆ ಆ ಮನೆಯಲ್ಲಿ ಎಣ್ಣೆ ಕಾಯದೆ ಇರುತ್ತಿರಲಿಲ್ಲ. ಮುದುಕಿ ಉಲ್ಕನ್ ತನ್ನ ಕರಿ ಬಾಣಲೆಯನ್ನು ಒಲೆಗೇರಿಸಿ, ಕಲಸಿದ ಹಿಟ್ಟಿನ ತುಂಡುಗಳನ್ನು ಒಂದೊಂದಾಗಿ ಅದರೊಳಗೆ ಬಿಡುವಳು. ಬೋರ್ಸೊಕ್ ಉಬ್ಬಿ ಕೆಂಪಾಗುವಾಗ ಏಳುವ ವಾಸನೆಯೇ ಮುಖ್ಯ, ತಿನ್ನುವುದು ಆಮೇಲಿನ ಮಾತು. ಸತ್ತವರು ಆ ಹೊತ್ತಿಗೆ ಬಂದು ತಂತಮ್ಮ ಮನೆಯ ಬಾಗಿಲ ಮೇಲಿನ ತೊಲೆಯಲ್ಲಿ ಕೂತಿರುತ್ತಾರೆ. ಅವರಿಗೆ ಬಾಯಿಲ್ಲ, ಮೂಗಷ್ಟೇ ಇದೆ. ತಮ್ಮ ಹೆಸರಿಗೆ ಕಾಯಿಸಿದ ಎಣ್ಣೆಯ ವಾಸನೆ ಸಿಕ್ಕರೆ ಹರಸಿ ಹೋಗುತ್ತಾರೆ, ಸಿಗದಿದ್ದರೆ ಹಸಿದುಕೊಂಡೇ ಹಿಂದಿರುಗುತ್ತಾರೆ. ಫ್ರುಂಜೆ ನಗರಕ್ಕೆ ಆಗಲೇ ಟ್ರಾಲಿಬಸ್ಸು ಬಂದಿತ್ತು, ಸತ್ತ ಮೇಲೆ ಏನೂ ಇಲ್ಲವೆಂದು ಶಾಲೆಯಲ್ಲಿ ಕಲಿಸುತ್ತಿದ್ದರು. ಆ ಪಾಠ ಎಷ್ಟು ಜನರ ತಲೆಗೆ ಹತ್ತಿದೆ ಎಂದು ತಿಳಿಯಬೇಕಾದರೆ ಗುರುವಾರ ಸಂಜೆ ಕೆಳಪೇಟೆಯ ಬೀದಿಗಳಲ್ಲಿ ಒಮ್ಮೆ ನಡೆದು ಬಂದರೆ ಸಾಕಿತ್ತು.

ಉಲ್ಕನ್ ಎಣ್ಣೆ ಕಾಯಿಸುತ್ತಿದ್ದುದು ತನ್ನ ಗಂಡನಿಗೆ. ಅವನು ಸತ್ತದ್ದು ಎಲ್ಲರ ಕಣ್ಣೆದುರಿಗೆ, ಅವನ ಗೋರಿ ಊರ ಗುಡ್ಡದ ಮೇಲಿತ್ತು, ಅದರಲ್ಲಿ ಅನುಮಾನವಿರಲಿಲ್ಲ. ಅನುಮಾನವೆಲ್ಲ ಮಗನದು. ಅವನು ಜರ್ಮನರ ಮೇಲಿನ ಯುದ್ಧಕ್ಕೆ ಹೋದವನು, ಕಾಣೆಯಾಗಿದ್ದಾನೆ ಎಂಬ ಒಂದು ಸಾಲಿನ ಕಾಗದ ಬಿಟ್ಟರೆ ಅವನ ಕಡೆಯಿಂದ ಮತ್ತೇನೂ ಬರಲಿಲ್ಲ. ಅವನು ಸತ್ತಿದ್ದರೆ, ಇಪ್ಪತ್ತು ವರ್ಷದಿಂದ ಹಸಿದು ಅಲೆಯುತ್ತಿದ್ದಾನೆ. ಬದುಕಿದ್ದರೆ, ಅವನ ಹೆಸರು ಹಿಡಿದು ಎಣ್ಣೆ ಕಾಯಿಸಿದ ಗಳಿಗೆಯಲ್ಲೇ ಅವನನ್ನು ತಾವೇ ಕೊಂದಂತೆ. ಈ ಎರಡರ ನಡುವೆ ಅತ್ತೆ ಸೊಸೆ ಇಬ್ಬರೂ ಒಂದೇ ಒಲೆಯ ಮುಂದೆ ಮುದುಕಿಯರಾಗುತ್ತಿದ್ದರು.

ಸೊಸೆ ಝೂರಾ ಕೆಲಸ ಮುಗಿಸಿ ಬಂದಾಗ ಬಾಗಿಲಲ್ಲಿ ತಲೆ ಬಗ್ಗಿಸುತ್ತಿದ್ದಳು. ಬಾಗಿಲು ಅಷ್ಟೇನೂ ಗಿಡ್ಡವಲ್ಲ. ತೊಲೆಯ ಕಡೆ ಕಣ್ಣು ಹೋಗಬಾರದೆಂದು ಬಗ್ಗುತ್ತಿದ್ದಳು.

"ಸಿಕ್ತಾ?" ಎಂದು ಉಲ್ಕನ್ ಬಾಣಲೆಯಿಂದ ಕಣ್ಣೆತ್ತದೆ ಕೇಳುವಳು.

"ಇವತ್ತು ಸಿಗಲಿಲ್ಲ ಅಪಾ." ಅತ್ತೆಯನ್ನು ಅವಳು ಅಪಾ, ಅಂದರೆ ಅಮ್ಮ, ಎಂದೇ ಕರೆಯುತ್ತಿದ್ದಳು.

"ಸದ್ಯ. ಕೈ ತೊಳ್ಕೊಂಡು ಬಾ, ಟೀ ಆರೋಗತ್ತೆ."

ಆಮೇಲೆ ಮುದುಕಿ ಮಂಡಿಯೂರಿ, ಬಾಯಿಪಾಠವಿದ್ದ ಪ್ರಾರ್ಥನೆ ಹೇಳಿ, ಅದರ ಪುಣ್ಯವನ್ನು ಗಂಡನ ಹೆಸರಿಗೆ ಬಿಟ್ಟು, ಕೊನೆಯಲ್ಲಿ ಏನೋ ಒಂದಿಷ್ಟು ಗೊಣಗಿ ಎರಡೂ ಅಂಗೈಯಿಂದ ಮುಖ ಸವರಿಕೊಳ್ಳುವಳು. ಆ ಹೊತ್ತಿಗೆ ಬಾಗಿಲ ಅಗುಳಿ ಒಮ್ಮೆ ಟಕ್ಕೆನ್ನುತ್ತಿತ್ತು. ಗಾಳಿಯಿದ್ದ ದಿನವೂ ಅಷ್ಟೇ, ಇಲ್ಲದ ದಿನವೂ ಅಷ್ಟೇ. ಝೂರಾ ಪ್ರತಿ ಸಲ ಟೀ ಬಟ್ಟಲನ್ನು ಕೆಳಗಿಟ್ಟು ಬಾಗಿಲಿಗೆ ಬೆನ್ನು ತಿರುಗಿಸುತ್ತಿದ್ದಳು. ಒಳಗೆ ಬರಲಾಗದವನು ಹೊರಗೆ ನಿಂತು ಬಾಗಿಲು ಮುಟ್ಟಿದ್ದಾನೆ ಎಂದೇ ಅವಳಿಗೆ ಅನ್ನಿಸುತ್ತಿತ್ತು, ಮತ್ತು ಅವನನ್ನು ಹೊರಗೆ ನಿಲ್ಲಿಸಿದವಳು ತಾನೇ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು.

ಅತ್ತೆ ಸಿಕ್ತಾ ಎಂದು ಕೇಳುತ್ತಿದ್ದುದು ಒಂದು ಸಂಖ್ಯೆಯ ಭಾಜಕವನ್ನು. ಝೂರಾಳ ಗಂಡ ಊರ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಅವರ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ಅವಳೂ ಎಲ್ಲರಂತೆ ಮೇಷ್ಟ್ರು ಎನ್ನುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಅವನು ಅವಳಿಗೆ ಕೂಡಿ ಕಳೆಯುವುದರಿಂದ ಶುರುಮಾಡಿ ಏನೇನೋ ಕಲಿಸಿದ್ದ. ರೈಲು ಹೊರಡುವ ದಿನ, ನಿಲ್ದಾಣದ ಅಳು ಗಲಾಟೆಯ ನಡುವೆ, ಅವಳ ಕೈಗೆ ಒಂದು ಸಂಖ್ಯೆ ಬರೆದುಕೊಟ್ಟ. 2305843009213693951.

"ಎರಡನ್ನ ಎರಡರಿಂದ ಗುಣಿಸ್ತಾ ಹೋಗು. ಅರವತ್ತೊಂದು ಎರಡುಗಳಾದ ಮೇಲೆ ನಿಲ್ಲಿಸಿ ಒಂದು ಕಳೆ, ಇದು ಬರತ್ತೆ. ಒಂದು ಬಿಟ್ಟು, ಇದೇ ಬಿಟ್ಟು, ಇದನ್ನ ಸರಿಯಾಗಿ ಭಾಗಿಸೋ ಸಂಖ್ಯೆ ಬೇರೆ ಯಾವುದಾದ್ರೂ ಇದ್ಯಾ, ಹುಡುಕು. ಅದು ನಿನಗೆ ಸಿಗೋದರೊಳಗೆ ನಾನು ಮನೆ ಬಾಗಿಲಲ್ಲಿ ಇರ್ತೀನಿ."

"ಬೇಗ ಸಿಕ್ಕಿಬಿಟ್ರೆ?"

"ಸಿಕ್ಕಿಬಿಟ್ರೆ ನಾನು ಸತ್ತೆ ಅಂದ್ಕೊ," ಎಂದು ಅವನು ನಕ್ಕ. ಪಕ್ಕದಲ್ಲಿದ್ದ ತಾಯಿ, ಕೆಟ್ಟ ಮಾತು ತಟ್ಟದಿರಲೆಂದು, ತನ್ನ ಕೊರಳಪಟ್ಟಿಯೊಳಕ್ಕೆ ಥೂ ಥೂ ಎಂದು ಉಗಿದುಕೊಂಡು ಮಗನ ತಲೆಗೆ ಮೊಟಕಿದಳು. ಮಗ ನಗುತ್ತಲೇ ಹೇಳಿದ್ದನ್ನು ಆ ತಾಯಿ ನಗುತ್ತ ಕೇಳಿಸಿಕೊಂಡಿರಲಿಲ್ಲ.

ದಾರಿ ಹತ್ತಿರವಾಗಲೆಂದು ಅವನು ಒಂದು ಗುಟ್ಟನ್ನೂ ಹೇಳಿದ್ದ. ಆ ಸಂಖ್ಯೆಯನ್ನು ಭಾಗಿಸುವಂಥದ್ದು ಇದ್ದರೆ, ಅದು ನೂರ ಇಪ್ಪತ್ತೆರಡರ ಮಗ್ಗಿಗೆ ಒಂದು ಕೂಡಿಸಿದಾಗ ಸಿಗುವ ಸಂಖ್ಯೆಗಳಲ್ಲೇ ಇರಬೇಕು, ಉಳಿದವುಗಳ ಗೊಡವೆ ಬೇಡ. ಯುದ್ಧ ನಡೆಯುತ್ತಿರುವಾಗಲೇ ಝೂರಾ ಅತ್ತೆಯೊಂದಿಗೆ ನಗರಕ್ಕೆ ಬಂದು, ಕಾಲುವೆ ಅಣೆಕಟ್ಟೆಗಳ ಲೆಕ್ಕ ಮಾಡುವ ಕಚೇರಿಯಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿ ಸಾಲಾಗಿ ಹೆಂಗಸರು, ಪ್ರತಿಯೊಬ್ಬಳ ಮುಂದೆ ಕೈಯಿಂದ ಹಿಡಿ ತಿರುಗಿಸುವ ಕಬ್ಬಿಣದ ಲೆಕ್ಕದ ಯಂತ್ರ. ಭಾಗಿಸಬೇಕಾದರೆ ಹಿಡಿಯನ್ನು ಹಿಂದಕ್ಕೆ ತಿರುಗಿಸುತ್ತ ಹೋಗಬೇಕು. ಕಳೆಯಲು ಉಳಿದದ್ದು ಸಾಲದೆ ಬಂದಾಗ ಯಂತ್ರದ ಗಂಟೆ ಠಿಣ್ ಎನ್ನುತ್ತದೆ, ಆಗ ಒಂದು ಸುತ್ತು ಮುಂದಕ್ಕೆ ತಿರುಗಿಸಿ ಸರಿಮಾಡಿಕೊಳ್ಳಬೇಕು. ಕಚೇರಿಯ ಕೆಲಸ ಮುಗಿದ ಮೇಲೆ ಅವಳು ಒಂದು ಗಂಟೆ ಹೆಚ್ಚಿಗೆ ಕೂತು ಮೇಷ್ಟ್ರ ಸಂಖ್ಯೆಯನ್ನು ಭಾಗಿಸುತ್ತಿದ್ದಳು. ಒಂದೊಂದು ಸಲವೂ ಏನಾದರೂ ಶೇಷ ಉಳಿಯುತ್ತಿತ್ತು. ಶೇಷ ಉಳಿದಾಗಲೆಲ್ಲ ಅವಳು ಹಗುರಾಗಿ ಉಸಿರು ಬಿಡುತ್ತಿದ್ದಳು.

ಹೀಗೆ ದಿನಕ್ಕೆ ಹತ್ತು ಭಾಜಕ ನೋಡಿದರೆ ಪೂರ್ತಿ ಮುಗಿಯಲು ಮೂರು ಸಾವಿರ ವರ್ಷಕ್ಕಿಂತ ಹೆಚ್ಚೇ ಬೇಕೆಂದು ಒಮ್ಮೆ ಅವಳು ಅತ್ತೆಗೆ ಹೇಳಿದ್ದಳು. ಉಲ್ಕನ್‌ಳ ಮುಖ ಅರಳಿತ್ತು. "ನಿಧಾನಕ್ಕೆ ಮಾಡು ಮಗಳೇ, ಅವಸರ ಏನಿದೆ," ಎಂದು ಅವಳ ತಟ್ಟೆಗೆ ಇನ್ನೊಂದು ತುಂಡು ಮಾಂಸ ಹಾಕಿದ್ದಳು.

ಆದರೆ ಯುದ್ಧ ಮುಗಿದ ಎರಡನೆಯ ಶರತ್ಕಾಲದಲ್ಲಿ, ಬದುಕಿ ಉಳಿದವರೆಲ್ಲ ಊರಿಗೆ ಬಂದಾಗಿದ್ದ ಹೊತ್ತಿನಲ್ಲಿ, ಯಂತ್ರದ ಕಿಂಡಿಗಳಲ್ಲಿ ಬರೀ ಸೊನ್ನೆಗಳು ನಿಂತವು. ಎಡದಿಂದ ಬಲಕ್ಕೆ ಸೊನ್ನೆ, ಸೊನ್ನೆ, ಸೊನ್ನೆ. ಶೇಷವಿಲ್ಲ. ಸಿಕ್ಕಿಬಿಟ್ಟಿತ್ತು. ಕಚೇರಿಯಲ್ಲಿ ಯಾವ ಲೆಕ್ಕವನ್ನೂ ಒಂದೇ ಕೈ ಮಾಡುವಂತಿರಲಿಲ್ಲ. ಒಬ್ಬಳು ಮಾಡಿದ್ದನ್ನು ಇನ್ನೊಬ್ಬಳು ನೋಡದೆ, ಕೇಳದೆ, ತಾನೇ ಮೊದಲಿನಿಂದ ಮಾಡಬೇಕು. ಎರಡು ಕೈಯ ಉತ್ತರ ಹೊಂದಿದರೆ ಮಾತ್ರ ಅದು ಉತ್ತರ. ಈ ಲೆಕ್ಕಕ್ಕೆ ಎರಡನೆಯ ಕೈ ಇರಲಿಲ್ಲ, ಯಾರನ್ನು ಕೇಳುವುದು? ತಾನೇ ಮತ್ತೊಮ್ಮೆ ಮಾಡಿ ನೋಡಬಹುದಿತ್ತು. ಮತ್ತೊಮ್ಮೆಯೂ ಸೊನ್ನೆ ಬಂದರೆ ಎಂಬ ಹೆದರಿಕೆಗೆ ಮಾಡಲಿಲ್ಲ. ಹಿಡಿಯನ್ನು ಗರಗರ ತಿರುಗಿಸಿ ಸೊನ್ನೆಗಳನ್ನು ಅಳಿಸಿ, ಆ ಭಾಜಕ ಮಾತ್ರ ಮರೆಯಲಾಗದೆ ತಲೆಯಲ್ಲಿ ಹೊತ್ತುಕೊಂಡು ಮನೆಗೆ ಬಂದಳು.

"ಸಿಕ್ತಾ?"

ಅತ್ತೆ ಕೇಳಿದ್ದು ಮರುದಿನ, ಗುರುವಾರ. ಆ ದಿನ ಅವಳು ಬೇರೊಂದು ಭಾಜಕ ಹಾಕಿ ನೋಡಿದ್ದಳು, ಅದಕ್ಕೆ ಶೇಷ ಉಳಿದಿತ್ತು. "ಇವತ್ತು ಸಿಗಲಿಲ್ಲ ಅಪಾ," ಎಂದಳು. ಮಾತಿನಲ್ಲಿ ಸುಳ್ಳಿರಲಿಲ್ಲ. ಅಂದಿನಿಂದ ಪ್ರತಿ ಗುರುವಾರ ಅವಳು ಏನಾದರೊಂದು ಭಾಗಿಸಿ, ಶೇಷ ನೋಡಿಯೇ ಮನೆಗೆ ಬರುವಳು. ಗಂಡ ಸತ್ತಿದ್ದಾನೆಂದು ಗೊತ್ತಿದ್ದೂ ಹದಿನೈದು ವರ್ಷ ಅವನನ್ನು ಹಸಿವಿನಲ್ಲಿಟ್ಟಿದ್ದಳು. ಅತ್ತೆಯ ಎದೆ ಒಡೆಯಬಾರದೆಂದು ಹೀಗೆ ಮಾಡುತ್ತಿದ್ದೇನೆ ಎಂದುಕೊಳ್ಳುತ್ತಿದ್ದಳು. ಅದು ಅರ್ಧ ನಿಜ. ಇನ್ನರ್ಧ, ಹೇಳಿಬಿಟ್ಟರೆ ತಾನು ವಿಧವೆ.

ಹದಿನೈದನೆಯ ವರ್ಷದ ವಸಂತದಲ್ಲಿ ನಗರಕ್ಕೆ ವಿದ್ಯುತ್ತಿನ ದೊಡ್ಡ ಲೆಕ್ಕದ ಯಂತ್ರ ಬಂತು. ಕೈಯಂತ್ರಗಳನ್ನೆಲ್ಲ ಉಗ್ರಾಣಕ್ಕೆ ಹಾಕಲು ಅಪ್ಪಣೆಯಾಯಿತು. ಕಚೇರಿಯ ಮೇಲ್ವಿಚಾರಕಿ ಫ್ರೀದಾ ಸಮೊಯ್ಲೊವ್ನಾ ಯುದ್ಧದ ಕಾಲದಲ್ಲಿ ಒದೆಸ್ಸಾದಿಂದ ಪ್ರಾಣ ಉಳಿಸಿಕೊಂಡು ಬಂದವಳು, ಸಿಗರೇಟನ್ನೂ ಚುಚ್ಚುಮಾತನ್ನೂ ಒಟ್ಟಿಗೇ ಬಾಯಲ್ಲಿಟ್ಟುಕೊಳ್ಳುವವಳು. ಝೂರಾ ಒಂದು ಯಂತ್ರವನ್ನು ಮನೆಗೆ ಒಯ್ಯಲೇ ಎಂದು ಕೇಳಿದಾಗ ಅವಳು ಕನ್ನಡಕದ ಮೇಲಿಂದ ನೋಡಿದಳು.

"ಯಾಕಮ್ಮಾ? ಬೋರ್ಸೊಕ್ ಎಣಿಸೋಕಾ?"

ಝೂರಾ ಒಂದು ಚೀಟಿಯ ಮೇಲೆ ಸಂಖ್ಯೆಯನ್ನು ಬರೆದು ಮುಂದಿಟ್ಟಳು. ಫ್ರೀದಾ ಓದಿ, ಬಹಳ ದಿನದ ಮೇಲೆ ಹಳೇ ನೆರೆಯವರನ್ನು ಕಂಡವಳಂತೆ ನಕ್ಕಳು.

"ಅಯ್ಯೋ, ಇದಾ! ಇದು ನಿನಗೆಲ್ಲಿ ಸಿಕ್ತು? ನಾವು ಓದೋವಾಗ ಇದರ ಪಾಠಾನೇ ಇತ್ತಲ್ಲ. ಅವಿಭಾಜ್ಯ ಸಂಖ್ಯೆ ಕಣೇ ಇದು. ಒಂದು, ಇಲ್ಲಾ ಅದೇ. ಬೇರೆ ಯಾವುದೂ ಭಾಗಿಸಲ್ಲ. ಉರಾಲ್ ಕಡೆ ಯಾವನೋ ಹಳ್ಳಿ ಪಾದ್ರಿ, ನಿಮ್ಮಪ್ಪ ಹುಟ್ಟೋಕೆ ಮುಂಚೆನೇ ಲೆಕ್ಕ ಹಾಕಿ ತೋರ್ಸಿಬಿಟ್ಟಿದ್ದಾನೆ."

"ಇಲ್ಲ," ಎಂದಳು ಝೂರಾ. ಅವಳ ದನಿ ಅವಳಿಗೇ ಬೇರೆ ಯಾರದೋ ಎನ್ನಿಸಿತು. "ಭಾಗಿಸೋದು ಒಂದಿದೆ. ನನಗೆ ಸಿಕ್ಕಿದೆ."

ಫ್ರೀದಾ ಸಿಗರೇಟನ್ನು ಆರಿಸಿದಳು. "ಎರಡನೇ ಕೈ ಯಾರದು?"

"ಯಾರೂ ಇಲ್ಲ."

"ಇಷ್ಟು ವರ್ಷ ಇಲ್ಲಿ ಕೂತು ಏನು ಕಲ್ತೆ ನೀನು? ಎಳ್ಕೊ ಕುರ್ಚಿ."

ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಕೂತರು. ಹತ್ತೊಂಬತ್ತು ಅಂಕಿಯ ಸಂಖ್ಯೆ ಆ ಯಂತ್ರದಲ್ಲಿ ಒಮ್ಮೆಗೇ ಹಿಡಿಸುವುದಿಲ್ಲ, ಎರಡು ಹೋಳು ಮಾಡಿ, ಮೊದಲ ಹೋಳಿನ ಶೇಷಕ್ಕೆ ಎರಡನೆಯದನ್ನು ಜೋಡಿಸಿ ಮುಂದುವರಿಯಬೇಕು. ಝೂರಾ ತಲೆಯಲ್ಲಿ ಹೊತ್ತಿದ್ದ ಆ ಭಾಜಕವನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದಳು. ಎರಡು ಗಂಟೆಗಳು ಆಗೊಮ್ಮೆ ಈಗೊಮ್ಮೆ ಠಿಣ್ ಎಂದವು. ಮುಗಿದಾಗ ಇಬ್ಬರ ಕಿಂಡಿಗಳಲ್ಲೂ ಶೇಷವಿತ್ತು, ಒಂದೇ ಶೇಷ. ಮೂರು ಸಾವಿರದ ಒಂಬತ್ತು ಎಂದು ಮುಗಿಯುವ ಮೊದಲ ಹೋಳಿನಲ್ಲಿ ಪಕ್ಕಪಕ್ಕ ಎರಡು ಸೊನ್ನೆಗಳಿವೆ. ಅವತ್ತು ಸಂಜೆ ಅದರಲ್ಲೊಂದು ಸೊನ್ನೆ ಅವಳ ಬೆರಳಿಂದ ಜಾರಿತ್ತು. ಒಂದು ಸೊನ್ನೆ ಬಿಟ್ಟು ಮಾಡಿ ನೋಡಿದಾಗ, ಹದಿನೈದು ವರ್ಷದ ಹಿಂದಿನ ಆ ಸೊನ್ನೆಗಳ ಸಾಲು ಹಾಗೆಯೇ ಬಂದು ನಿಂತಿತು.

ಝೂರಾ ಹಿಡಿ ತಿರುಗಿಸಿ ಆ ಸೊನ್ನೆಗಳನ್ನು ಅಳಿಸಿದಳು. ಆಮೇಲೆ, "ಸರಿ, ಇದು ಭಾಗಿಸಲ್ಲ. ಬೇರೆ ಯಾವುದೂ ಇಲ್ಲ ಅಂತ ನಾನು ಹೇಗೆ ನಂಬಲಿ? ಪಾದ್ರಿ ಕೂಡ ಒಂದೇ ಕೈಯಲ್ಲಿ ಮಾಡಿರಬಹುದು," ಎಂದಳು.

"ಈಗ ಮಾತಾಡಿದೆ ನೋಡು," ಎಂದಳು ಫ್ರೀದಾ.

ಮೂರು ಸಾವಿರ ವರ್ಷ ಬೇಕಾಗಿರಲಿಲ್ಲ. ಭಾಗಿಸುವವರನ್ನು ಮನೆಮನೆಗೆ ಹೋಗಿ ಹುಡುಕದೆ, ಸಂಖ್ಯೆಯನ್ನೇ ನೇರ ಕೇಳುವ ಒಂದು ದಾರಿ ಇತ್ತು. ನಾಲ್ಕರಿಂದ ಶುರುಮಾಡಬೇಕು. ಅದನ್ನು ಅದರಿಂದಲೇ ಗುಣಿಸಿ ಎರಡು ಕಳೆದರೆ ಹದಿನಾಲ್ಕು. ಹದಿನಾಲ್ಕಕ್ಕೂ ಹಾಗೆಯೇ ಮಾಡಿದರೆ ನೂರ ತೊಂಬತ್ತನಾಲ್ಕು. ಮೇಷ್ಟ್ರ ಸಂಖ್ಯೆಗಿಂತ ದೊಡ್ಡದಾದಾಗಲೆಲ್ಲ ಆ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಬೇಕು. ಹೀಗೆ ಅರವತ್ತಕ್ಕೆ ಒಂದು ಕಮ್ಮಿ ಸಲ. ಕೊನೆಯಲ್ಲಿ ಸೊನ್ನೆ ಉಳಿದರೆ ಅದನ್ನು ಭಾಗಿಸುವವರು ಎಲ್ಲೂ ಇಲ್ಲ ಎಂದರ್ಥ.

"ಸೊನ್ನೆ ಬಂದ್ರೆ ಇಲ್ಲ ಅಂತಾನಾ?" ಝೂರಾ ಎರಡು ಸಲ ಕೇಳಿದಳು.

"ಸೊನ್ನೆ ಬಂದ್ರೆ ಇಲ್ಲ ಅಂತ. ಒಂದಂಕಿ ತಪ್ಪಿದ್ರೂ ಮುಂದಿನದೆಲ್ಲ ಕಸ. ಅದಕ್ಕೇ ಎರಡು ಕೈ."

ಆ ವಸಂತವೆಲ್ಲ ಅದರಲ್ಲೇ ಕಳೆಯಿತು. ಕೈಯಂತ್ರಗಳು ಒಂದೊಂದಾಗಿ ಉಗ್ರಾಣಕ್ಕೆ ಹೋದವು, ಹೆಂಗಸರೂ ಬೇರೆ ಬೇರೆ ಕಡೆ ಹೋದರು, ಉದ್ದನೆಯ ಕೋಣೆಯಲ್ಲಿ ಎರಡೇ ಮೇಜು ಉಳಿದವು. ಝೂರಾ ಮಾಡಿದ್ದನ್ನು ಫ್ರೀದಾ ನೋಡುತ್ತಿರಲಿಲ್ಲ. ಒಂದು ಹೆಜ್ಜೆ ಮುಗಿದಾಗ ಇಬ್ಬರೂ ಶೇಷವನ್ನು ಅಂಕಿ ಅಂಕಿಯಾಗಿ ಓದುವರು, ಹೊಂದದಿದ್ದರೆ ಬೈದುಕೊಂಡು ಮತ್ತೆ ಮಾಡುವರು. ಆ ಶೇಷಗಳಿಗೆ ಹಿಂದು ಮುಂದು ಇರಲಿಲ್ಲ. ಒಂದು ಹೆಜ್ಜೆಯಲ್ಲಿ ದೊಡ್ಡದು, ಇನ್ನೊಂದರಲ್ಲಿ ಸಣ್ಣದು, ಯಾವುದೂ ಎಲ್ಲಿಗೆ ಹೋಗುತ್ತಿದೆ ಎಂಬ ಸುಳಿವು ಕೊಡುತ್ತಿರಲಿಲ್ಲ. ಕತ್ತಲಲ್ಲಿ ಯಾರೋ ಕೈ ಹಿಡಿದು ಎಳೆದೊಯ್ಯುತ್ತಿರುವಂತೆ ಝೂರಾಳಿಗೆ ಅನ್ನಿಸುತ್ತಿತ್ತು, ಕೈ ಯಾರದೆಂದು ಕೇಳಲು ಭಯವಾಗುತ್ತಿತ್ತು. ಎಷ್ಟೋ ಸಲ ಅವಳು ಹಿಡಿ ನಿಲ್ಲಿಸಿದ ಮೇಲೂ ಗಂಟೆ ಇನ್ನೊಂದು ಸಲ ಠಿಣ್ ಎಂದಂತಾಗಿ, ಫ್ರೀದಾಳ ಕಡೆ ತಿರುಗುವಳು. ಫ್ರೀದಾಳೂ ಇವಳ ಕಡೆ ತಿರುಗಿರುತ್ತಿದ್ದಳು.

ಕೊನೆಯ ಹೆಜ್ಜೆ ಒಂದು ಗುರುವಾರ ಮಧ್ಯಾಹ್ನಕ್ಕೆ ಬಂತು. ಝೂರಾ ಕೊನೆಯ ಸುತ್ತು ತಿರುಗಿಸಿ ಕಿಂಡಿಗಳನ್ನು ಕೈಯಿಂದ ಮುಚ್ಚಿಕೊಂಡಳು.

"ಓದು," ಎಂದಳು ಫ್ರೀದಾ.

"ನೀನೇ ಓದು."

"ಸೊನ್ನೆ. ಸೊನ್ನೆ. ಸೊನ್ನೆ..." ಫ್ರೀದಾ ತನ್ನ ಕಿಂಡಿಗಳನ್ನು ಕೊನೆಯವರೆಗೂ ಓದಿದಳು. ಝೂರಾ ಬೆರಳುಗಳನ್ನು ಒಂದೊಂದಾಗಿ ಸರಿಸಿದಳು, ಎಲ್ಲ ಬೆರಳ ಕೆಳಗೂ ಅದೇ ಇತ್ತು.

ಅವಳಿಗೆ ಬಂದದ್ದು ಅಳುವಲ್ಲ, ಸಿಟ್ಟು. "ಮೇಷ್ಟ್ರಿಗೆ ಗೊತ್ತಿತ್ತು! ನೂರ ಇಪ್ಪತ್ತೆರಡರ ಗುಟ್ಟು ಗೊತ್ತಿದ್ದವರಿಗೆ ಇದು ಗೊತ್ತಿರಲಿಲ್ವಾ? ಯಾವತ್ತೂ ಸಿಗಲ್ಲ ಅಂತ ಗೊತ್ತಿದ್ದೇ, ಸಿಗೋದರೊಳಗೆ ಬರ್ತೀನಿ ಅಂದ್ರು. ಎಂಥಾ ಮೋಸ!"

"ಸುಳ್ಳಂತೂ ಹೇಳಿಲ್ಲ."

"ಅದೇ ಮೋಸ! ಬರಲ್ಲ ಅಂತ ಅವರಿಗೆ ಗೊತ್ತಿತ್ತು. ಬರ್ತೀನಿ ಅನ್ನೋಕೆ ಬಾಯಿ ಬರಲಿಲ್ಲ, ಬರಲ್ಲ ಅನ್ನೋಕೂ ಬಾಯಿ ಬರಲಿಲ್ಲ. ಮುರಿಯೋಕೇ ಆಗದ ಮಾತೊಂದನ್ನ ಕೈಗೆ ಕೊಟ್ಟು ರೈಲು ಹತ್ತಿದ್ರು. ನಾನು ಅದನ್ನ ಇಪ್ಪತ್ತು ವರ್ಷ ಭಾಗಿಸ್ತಾ ಕೂತೆ!"

ಫ್ರೀದಾ ಅವಳ ಸಿಟ್ಟು ಇಳಿಯಲೆಂದು ಕಾದಳು. ಆಮೇಲೆ, ಎಂದೂ ಇಲ್ಲದ ಮೆಲುದನಿಯಲ್ಲಿ, "ಯುದ್ಧದಲ್ಲಿ ನಮ್ಮನೇಲಿ ಏಳು ಜನ ಹೋದ್ರು," ಎಂದಳು. "ಯಾವ ದಿನ, ಎಲ್ಲಿ, ಒಂದೂ ಗೊತ್ತಿಲ್ಲ. ನಮ್ಮಲ್ಲಿ ಸತ್ತ ದಿನ ದೀಪ ಹಚ್ಚಬೇಕು. ಎಷ್ಟೋ ವರ್ಷ ಹಚ್ಚಲಿಲ್ಲ. ಆಮೇಲೆ ನಾನೇ ಒಂದು ದಿನ ಆರಿಸಿಕೊಂಡೆ. ಲೆಕ್ಕ ತಾನಾಗೇ ಹೇಳಲ್ಲ ಝೂರಾ. ನಾವೇ ಹೇಳಬೇಕು."

ಮನೆಯ ಹತ್ತಿರ ಬರುವಾಗಲೇ ಎಣ್ಣೆಯ ವಾಸನೆ ಬೀದಿಗೆ ಬಂದಿತ್ತು. ಬಾಗಿಲಲ್ಲಿ ಝೂರಾ ಅಭ್ಯಾಸಬಲದಿಂದ ತಲೆ ಬಗ್ಗಿಸಿದಳು.

"ಸಿಕ್ತಾ?"

"ಸಿಗಲ್ಲ ಅಪಾ. ಯಾವತ್ತೂ ಸಿಗಲ್ಲ. ಅದನ್ನ ಭಾಗಿಸೋದು ಲೋಕದಲ್ಲೇ ಇಲ್ಲ. ನಿಮ್ಮ ಮಗನಿಗೆ ಅದು ಹೋಗೋವಾಗ್ಲೇ ಗೊತ್ತಿತ್ತು."

ಉಲ್ಕನ್‌ಳ ಕೈಯಲ್ಲಿ ಹಿಟ್ಟಿನ ತುಂಡು ಹಾಗೆಯೇ ನಿಂತಿತು. ಝೂರಾ ಎಲ್ಲವನ್ನೂ ಹೇಳಿದಳು, ಗುಣಿಸಿದ್ದು, ಕಳೆದದ್ದು, ಕೊನೆಯ ಸೊನ್ನೆ. ಮುದುಕಿಗೆ ಲೆಕ್ಕ ಎಷ್ಟು ಅರ್ಥವಾಯಿತೋ, ಮಗ ಮಾತ್ರ ಚೆನ್ನಾಗಿ ಅರ್ಥವಾದ. ಅವಳು ಮೊದಲು ಮುಗುಳ್ನಕ್ಕಳು, ಆಮೇಲೆ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು, ಕಣ್ಣಲ್ಲಿ ನೀರು ಬಂದರೂ ನಿಲ್ಲಿಸಲಿಲ್ಲ.

"ಚಿಕ್ಕೋನಿದ್ದಾಗ್ಲೂ ಹೀಗೇ. ಕುರಿ ಹೊರಗೆ ಬಿಟ್ಯೇನೋ ಅಂದ್ರೆ, ನಾನು ಬಾಗ್ಲೇ ತೆಗೆದಿಲ್ಲ ಅನ್ನೋನು. ಬೇಲಿ ಮುರಿದಿರೋದು ಹೇಳ್ತಿರಲಿಲ್ಲ ಕಳ್ಳ."

ಝೂರಾಳಿಗೆ ನಗು ಬರಲಿಲ್ಲ. "ಅಪಾ, ನಾನೂ ಹಾಗೇ ಮಾಡಿದೀನಿ," ಎಂದು ಹದಿನೈದು ವರ್ಷದ ಹಿಂದಿನ ಸೊನ್ನೆಯ ಕಥೆಯನ್ನೂ ಹೇಳಿದಳು. "ತಪ್ಪು ಲೆಕ್ಕ ಅಂತ ಆಗ ಗೊತ್ತಿರಲಿಲ್ಲ. ಸತ್ತಿದ್ದಾರೆ ಅಂತಲೇ ತಿಳ್ಕೊಂಡು ಸುಮ್ಮನಿದ್ದೆ. ಪ್ರತಿ ಗುರುವಾರ ಬಾಗಿಲಿಗೆ ಬಂದು ಹಸ್ಕೊಂಡು ಹೋಗ್ತಿದ್ರು. ನನಗೆ ಕೇಳಿಸ್ತಿತ್ತು ಅಪಾ, ಅಗುಳಿ."

"ಯಾರು ಹಸ್ಕೊಂಡು ಹೋಗಿದ್ದು?" ಎಂದಳು ಉಲ್ಕನ್. "ಪ್ರಾರ್ಥನೆ ಆದ್ಮೇಲೆ ಕೊನೆಗೆ ನಾನು ಏನು ಹೇಳ್ತೀನಿ, ಯಾವತ್ತಾದ್ರೂ ಕಿವಿಗೊಟ್ಟಿದೀಯಾ?"

ಝೂರಾ ಕಿವಿಗೊಟ್ಟಿರಲಿಲ್ಲ. ಅದು ಮುದುಕಿಯ ಗೊಣಗು ಎಂದೇ ತಿಳಿದಿದ್ದಳು.

"ಯಜಮಾನರಿಗೆ, ಅವರ ಜೊತೆಗೆ ಬಂದವರಿಗೂ ಅಂತೀನಿ. ಮನೆಗೆ ಬಂದೋರ ಜೊತೆ ಇನ್ನೊಬ್ಬ ಬಂದ್ರೆ, ನೀನು ಯಾರು ಅಂತ ಕೇಳಿ ಬಡಿಸೋರುಂಟಾ? ನನ್ನ ಮಗ ಬದುಕಿದ್ರೆ ಅಪ್ಪನ ಜೊತೆ ಬಂದಿರಲ್ಲ, ಮಾತು ಅವನಿಗೆ ತಗಲಲ್ಲ. ಸತ್ತಿದ್ರೆ ಅಪ್ಪನ ಬೆನ್ನ ಹಿಂದೆ ಕೂತಿರ್ತಾನೆ, ಅವನ ಪಾಲು ಅವನಿಗೆ ಸೇರತ್ತೆ. ಮೊದಲ ವಾರದಿಂದ್ಲೂ ಹೇಳ್ತಿದೀನಿ."

ಮಗ ಯಾರ ಹೊಟ್ಟೆಯಲ್ಲಿ ಹುಟ್ಟಿದವನೆಂದು ಝೂರಾಳಿಗೆ ಆಗ ತಿಳಿಯಿತು. ಅವಳು ಒಲೆಯ ಪಕ್ಕ ಕೂತಳು. ಎಷ್ಟು ಗುರುವಾರ ಅವಳು ಹೆದರಿದ್ದಳೋ, ಅಷ್ಟು ಗುರುವಾರವೂ ಅವನಿಗೆ ಉಣಬಡಿಸಲಾಗಿತ್ತು.

ಉಲ್ಕನ್ ಹಿಟ್ಟಿನ ತುಂಡುಗಳನ್ನು ಎಣ್ಣೆಗೆ ಬಿಟ್ಟಳು. ಅವು ಉಬ್ಬಿ ಮಗುಚಿಕೊಂಡವು, ವಾಸನೆ ಸೂರಿನ ಕಡೆಗೆ ಎದ್ದಿತು. ಅವಳು ಮಂಡಿಯೂರಿ ಪ್ರಾರ್ಥನೆ ಮುಗಿಸಿದಳು, ಗಂಡನ ಹೆಸರು ಹೇಳಿದಳು. ಗೊಣಗಲಿಲ್ಲ. ಸೊಸೆಯ ಕಡೆ ತಿರುಗಿದಳು.

"ತನ್ನ ಮನೇಲೇ ತಾನು ನೆಂಟರ ಹಿಂದೆ ಬಂದ ನೆಂಟನ ಹಾಗೆ ಎಷ್ಟು ವರ್ಷ ಅಂತ ಕೂರ್ತಾನೆ? ಸಾಕು. ಇವತ್ತು ಹೆಸರು ಹಿಡಿದು ಕರಿ."

"ನಾನಾ? ಅಪಾ, ನಾನು ಹೆಂಡತಿ. ನಾನು ಹೇಗೆ..."

"ನನ್ನಿಂದಾಗಲ್ಲ ಮಗಳೇ. ಹೆತ್ತವಳ ಬಾಯಿ ಇದು. ಆ ಕಾಗದ ಬಂದಾಗಿನಿಂದ ಹೆದರಿ ಅವನ ಹೆಸರೇ ಎತ್ತಿಲ್ಲ. ನೀನೇ ಹೇಳು."

ಮದುವೆಯಾದಂದಿನಿಂದ ಆ ಹೆಸರು ಝೂರಾಳ ಬಾಯಿಂದ ಹೊರಗೆ ಬಂದಿರಲಿಲ್ಲ. ಹೇಳಿದರೆ ಸತ್ತ, ಹೇಳದಿದ್ದರೆ ಬಾಗಿಲ ಹೊರಗೇ ಉಳಿದ. ಯಾವ ಲೆಕ್ಕವೂ ಈ ಒಂದನ್ನು ಅವಳ ಬದಲಿಗೆ ಮಾಡಿಕೊಡುವಂತಿರಲಿಲ್ಲ. ಅವಳು ತಲೆಯೆತ್ತಿ, ಹದಿನೈದು ವರ್ಷದ ಮೇಲೆ ಮೊದಲ ಸಲ, ಬಾಗಿಲ ಮೇಲಿನ ತೊಲೆಯನ್ನು ನೋಡಿದಳು. ಹೊಗೆ ಹಿಡಿದು ಕಪ್ಪಾದ ಮರವಿತ್ತು, ಬೇರೇನೂ ಕಾಣಲಿಲ್ಲ. ಅಲ್ಲಿ ಯಾರೂ ಇಲ್ಲ ಎನ್ನಲು ಅವಳ ಬಳಿ ಪುರಾವೆಯೂ ಇರಲಿಲ್ಲ.

"ಜಾಪರ್," ಎಂದಳು.

ಅಗುಳಿ ಟಕ್ಕೆನ್ನಲಿಲ್ಲ. ಬಾಣಲೆಯಲ್ಲಿ ಎಣ್ಣೆ ಸಣ್ಣಗೆ ಚಟಗುಟ್ಟುತ್ತಿತ್ತು. ಉಲ್ಕನ್ ಮುಖ ಸವರಿಕೊಳ್ಳಲು ಎತ್ತಿದ ಕೈಗಳನ್ನು ಹಾಗೆಯೇ ಹಿಡಿದುಕೊಂಡಿದ್ದಳು.

"ಇನ್ನೊಂದ್ಸಲ ಹೇಳೇ," ಎಂದಳು. "ಯಾರ ಬಾಯಲ್ಲಾದ್ರೂ ಕೇಳಿ ಎಷ್ಟು ವರ್ಷ ಆಯ್ತು."